ಕೀ ಕೊಡುವ ವಾಚಿಗೆ ಮತ್ತೆ ಬಂದ ಕಾಲ

ಜೇಬಿನಲ್ಲಿ ಮೊಬೈಲ್ ಇರುವಾಗ ಕೈಗೆ ವಾಚು ಯಾಕೆ? ಈ ಪ್ರಶ್ನೆಯನ್ನು ಕೇಳದ ಮನೆ ಇರಲಿಕ್ಕಿಲ್ಲ. ಗಂಟೆ, ನಿಮಿಷ, ಸೆಕೆಂಡು, ತಾರೀಕು, ಅಲಾರಂ ಎಲ್ಲವೂ ಅಂಗೈಯಗಲದ ಆ ಯಂತ್ರದಲ್ಲೇ ಸಿಗುತ್ತವೆ. ಅದೂ ಸೆಕೆಂಡು ಆಚೀಚೆ ಆಗದಂತೆ. ಹೀಗಾಗಿ ಕೈಗಡಿಯಾರದ ಕತೆ ಮುಗಿಯಿತೆಂದೇ ಬಹಳ ಮಂದಿ ತೀರ್ಮಾನಿಸಿದ್ದರು.

ಆದರೆ ಇಂದು ಯಾವುದಾದರೂ ಕಾಲೇಜಿನ ವರಾಂಡದಲ್ಲಿ ನಿಂತು ಹುಡುಗ ಹುಡುಗಿಯರ ಮಣಿಕಟ್ಟುಗಳನ್ನು ಗಮನಿಸಿ. ನಾಡಿಬಡಿತ ಎಣಿಸುವ, ನಡೆದ ಹೆಜ್ಜೆಗಳ ಲೆಕ್ಕವಿಡುವ ಸ್ಮಾರ್ಟ್ ವಾಚುಗಳು ಧಾರಾಳವಾಗಿ ಕಾಣುತ್ತವೆ. ಅವುಗಳ ನಡುವೆಯೇ ಅಲ್ಲೊಂದು ಇಲ್ಲೊಂದು ಕೈಯಲ್ಲಿ ತಾತನ ಕಾಲದ ಎಚ್.ಎಂ.ಟಿ. ಜನತಾ! ಗಾಜು ಬದಲಾಗಿದೆ, ಬೆಲ್ಟು ಹೊಸದು, ಒಳಗಿನ ಯಂತ್ರ ಮಾತ್ರ ಅದೇ. ಬೆಳಿಗ್ಗೆ ಎದ್ದು ಅದಕ್ಕೆ ಕೀ ಕೊಡದಿದ್ದರೆ ಮರುದಿನ ನಿಂತುಹೋಗುತ್ತದೆ. 'ದಿನಾ ಕೀ ಕೊಡುವ ತಾಪತ್ರಯ ಯಾರಿಗೆ ಬೇಕು' ಎಂದು ಅದನ್ನು ಬೀರುವಿಗೆ ಸೇರಿಸಿದ್ದ ಅಪ್ಪಂದಿರು ಈಗ ರಾತ್ರಿ ಮಲಗುವ ಮುನ್ನ ತಪ್ಪದೆ ಸ್ಮಾರ್ಟ್ ವಾಚನ್ನು ಚಾರ್ಜಿಗೆ ಹಾಕುತ್ತಿದ್ದಾರೆ ಎಂಬುದು ಬೇರೆ ಮಾತು.

ಇದರಲ್ಲಿ ಒಂದು ಒಗಟು ಇದೆ. ಸ್ವಿಟ್ಜರ್ಲೆಂಡಿನಲ್ಲಿ ಪರೀಕ್ಷೆಗೊಳಪಡಿಸಿ 'ಕ್ರೋನೋಮೀಟರ್' ಎಂಬ ಪ್ರಮಾಣಪತ್ರ ಕೊಡುವ, ಲಕ್ಷಗಟ್ಟಲೆ ಬೆಲೆಯ ಯಾಂತ್ರಿಕ ವಾಚುಗಳಿವೆ. ಅವು ದಿನಕ್ಕೆ ಸರಾಸರಿ 4 ಸೆಕೆಂಡು ಹಿಂದೆ ಬೀಳಬಹುದು ಅಥವಾ 6 ಸೆಕೆಂಡು ಮುಂದೆ ಓಡಬಹುದು. ಅಷ್ಟಕ್ಕೆ ವಿನಾಯಿತಿ ಇದೆ. ತಿಂಗಳಿಗೆ ಲೆಕ್ಕ ಹಾಕಿದರೆ ಎರಡು ಮೂರು ನಿಮಿಷ. ಸಂತೆಯಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುವ ಸೆಲ್ ಹಾಕಿದ ಕ್ವಾರ್ಟ್ಸ್ ವಾಚು ತಿಂಗಳಿಗೆ ತಪ್ಪುವುದು ಸುಮಾರು 15ರಿಂದ 30 ಸೆಕೆಂಡು ಮಾತ್ರ. ಅಂದರೆ ದುಬಾರಿಯದು ಅಗ್ಗದ್ದಕ್ಕಿಂತ ಹೆಚ್ಚು ತಪ್ಪು ಹೇಳುತ್ತದೆ. ಆದರೂ ತಿಳಿದವರು ಅದನ್ನೇ ಬಯಸುತ್ತಾರೆ. ಯಾಕೆ ಎಂಬುದನ್ನು ನೋಡಬೇಕಾದರೆ ಮುಚ್ಚಳ ತೆಗೆದು ಒಳಗೆ ಇಣುಕಬೇಕು. ಅದಕ್ಕೆ ಮೊದಲು ಒಂದಿಷ್ಟು ಇತಿಹಾಸ.

ಜಾಲಹಳ್ಳಿಯಿಂದ ಹೊರಟ ಜನತಾ

ಸ್ವಾತಂತ್ರ್ಯ ಬರುವ ಮುಂಚೆಯೂ, ಬಂದ ಮೇಲೆ ಹಲವು ವರ್ಷಗಳವರೆಗೂ ನಮ್ಮಲ್ಲಿ ವಾಚು ಎಂದರೆ ಸ್ವಿಸ್ ವಾಚು. ವೆಸ್ಟ್ ಎಂಡ್, ಫೇವರ್ ಲ್ಯೂಬಾ ಮುಂತಾದ ಹೆಸರುಗಳು ಹಳೆಯ ತಲೆಮಾರಿನವರಿಗೆ ಇಂದಿಗೂ ನೆನಪಿವೆ. ಊರಿಗೆ ನಾಲ್ಕಾರು ಮಂದಿಯ ಕೈಯಲ್ಲಿದ್ದರೆ ಹೆಚ್ಚು. ಶ್ಯಾನುಭೋಗರು, ಡಾಕ್ಟರು, ಹೆಡ್ ಮೇಷ್ಟ್ರು, ಸ್ಟೇಷನ್ ಮಾಸ್ತರರು ಇಂಥವರು. ಉಳಿದವರಿಗೆ ಬಿಸಿಲು, ನೆರಳು, ಮಿಲ್ಲಿನ ಸೈರನ್ ಮತ್ತು ಬಸ್ಸಿನ ಹಾರನ್ನು. ಆಮದಿನ ಮೇಲೆ ನಿರ್ಬಂಧ ಬಿದ್ದಾಗ ಚಿನ್ನದ ಜೊತೆ ವಾಚುಗಳೂ ಕಳ್ಳಸಾಗಣೆಯ ಸರಕಾದವು.

ಬೆಂಗಳೂರಿನ ಜಾಲಹಳ್ಳಿಯಲ್ಲಿ ಹಿಂದೂಸ್ಥಾನ್ ಮಷೀನ್ ಟೂಲ್ಸ್ ಸ್ಥಾಪನೆಯಾದದ್ದು 1953ರಲ್ಲಿ. ಹೆಸರೇ ಹೇಳುವಂತೆ ಅದರ ಕೆಲಸ ಯಂತ್ರಗಳನ್ನು ತಯಾರಿಸುವ ಯಂತ್ರಗಳನ್ನು ಮಾಡುವುದು. ಲೇತು, ಮಿಲ್ಲಿಂಗ್ ಯಂತ್ರ ಮಾಡುವವರು ಕೂದಲಿನಷ್ಟು ತೆಳುವಾದ ಅಚ್ಚು ಕಡೆಯುವ ಕೆಲಸಕ್ಕೆ ಕೈ ಹಾಕಿದ್ದು ಆ ಕಾಲಕ್ಕೆ ಸಣ್ಣ ಸಾಹಸವಲ್ಲ. ಜಪಾನಿನ ಸಿಟಿಜನ್ ಕಂಪನಿಯ ತಾಂತ್ರಿಕ ಸಹಯೋಗದಲ್ಲಿ ವಾಚ್ ಕಾರ್ಖಾನೆ ಆರಂಭವಾಯಿತು. 1961ರಲ್ಲಿ ಮೊದಲ ಕಂತಿನ ವಾಚುಗಳನ್ನು ಪ್ರಧಾನಿ ಜವಾಹರಲಾಲ್ ನೆಹರೂ ಬಿಡುಗಡೆ ಮಾಡಿದರು. ಮುಂದೆ ಬೆಂಗಳೂರಿನಲ್ಲೇ ಎರಡನೆಯ ಘಟಕ, ಆಮೇಲೆ ಶ್ರೀನಗರ, ತುಮಕೂರು, ಈಗಿನ ಉತ್ತರಾಖಂಡದ ರಾಣಿಬಾಗ್ ಎಂದು ಕಾರ್ಖಾನೆಗಳು ಹರಡಿದವು. ಬಿಡಿಭಾಗಗಳನ್ನು ಜೋಡಿಸುವ ವಿಭಾಗಗಳಲ್ಲಿ ಹೆಣ್ಣುಮಕ್ಕಳು ಬಹಳ ಸಂಖ್ಯೆಯಲ್ಲಿ ಕೆಲಸ ಮಾಡಿದರು. ಬಿಳಿ ಕೋಟು ತೊಟ್ಟು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ, ಚಿಮ್ಮಟದಲ್ಲಿ ಸಾಸಿವೆಗಿಂತ ಸಣ್ಣ ತಿರುಪುಗಳನ್ನು ಕೂರಿಸುವ ಕೆಲಸ. ಎಷ್ಟೋ ಸಂಸಾರಗಳು ಆ ಸಂಬಳದಲ್ಲಿ ಮಕ್ಕಳನ್ನು ಎಂಜಿನಿಯರಿಂಗ್ ಓದಿಸಿದವು. ಲಾಲ್‌ಬಾಗಿನ ಹೂವಿನ ಗಡಿಯಾರದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳದವರು ಯಾರು? ಅದೂ ಎಚ್.ಎಂ.ಟಿ.ಯ ಕೊಡುಗೆಯೇ.

ಆ ವಾಚುಗಳ ಹೆಸರುಗಳನ್ನು ಸುಮ್ಮನೆ ಓದಿದರೂ ಒಂದು ಕಾಲ ಕಣ್ಣ ಮುಂದೆ ಬರುತ್ತದೆ: ಜನತಾ, ಜವಾನ್, ಪೈಲಟ್, ಸೋನಾ, ಕೊಹಿನೂರ್, ರಜತ್, ಕಾಂಚನ್, ಸುಜಾತಾ, ಪ್ರಿಯಾ, ನೂತನ್. ಬಿಳಿ ಡಯಲಿನ ಜನತಾ ಗುಮಾಸ್ತರದ್ದು, ಮೇಷ್ಟ್ರುಗಳದ್ದು, ಕಂಡಕ್ಟರುಗಳದ್ದು. ಕಪ್ಪು ಡಯಲಿನ ಪೈಲಟ್ ಹರೆಯದವರ ಕನಸು. ತೆಳ್ಳಗೆ ಬಂಗಾರದ ಬಣ್ಣದ ಸೋನಾ ಸ್ವಲ್ಪ ಠೀವಿಯವರದ್ದು. ತಾನೇ ಕೀ ಕೊಟ್ಟುಕೊಳ್ಳುವ, ವಾರ ತಾರೀಕು ತೋರಿಸುವ ಕಾಂಚನ್ ಅಳಿಯಂದಿರ ವಾಚು. ಮದುವೆಯ ಮಾತುಕತೆಯಲ್ಲಿ ಅದರ ಹೆಸರು ಬಂದುಹೋಗುವಷ್ಟು ಬೇಡಿಕೆ. ಅಂಧರಿಗಾಗಿ ಮುಚ್ಚಳ ತೆರೆದು ಬೆರಳಿನಿಂದ ಮುಟ್ಟಿ ಗಂಟೆ ತಿಳಿಯುವ ಬ್ರೈಲ್ ವಾಚನ್ನೂ ಎಚ್.ಎಂ.ಟಿ. ಮಾಡಿತು. ಎಸ್ಸೆಸ್ಸೆಲ್ಸಿ ಪಾಸಾದರೆ ವಾಚು, ಪಿಯುಸಿ ಪಾಸಾದರೆ ಸೈಕಲ್ಲು ಎಂಬ ಆಮಿಷಕ್ಕೆ ಓದಿದವರು ನಮ್ಮ ತಲೆಮಾರಿನಲ್ಲಿ ಲೆಕ್ಕವಿಲ್ಲದಷ್ಟು ಮಂದಿ.

ಇಂದು ಹಳೆಯ ವಾಚು ಸಂಗ್ರಹಿಸುವವರ ಪಟ್ಟಿಯಲ್ಲಿ ಮೊದಲು ನಿಲ್ಲುವುದು ಜನತಾ ಮತ್ತು ಪೈಲಟ್. ನನ್ನನ್ನು ಕೇಳಿದರೆ ಜನತಾಗೇ ನನ್ನ ಮತ. ಡಯಲಿನಲ್ಲಿ ಬೇಡದ್ದು ಒಂದೂ ಇಲ್ಲ. ಎರಡು ಮಾರು ದೂರದಿಂದಲೂ ಗಂಟೆ ಓದಬಹುದು.

ಐದು ಟಿಕ್‌ಗಳ ಲೆಕ್ಕ

ಜನತಾ ವಾಚನ್ನು ಕಿವಿಗೆ ಹಿಡಿಯಿರಿ. ಕೇಳುವುದು ಸೆಕೆಂಡಿಗೆ ಒಂದು 'ಟಿಕ್' ಅಲ್ಲ, ಐದು. ಗಂಟೆಗೆ 18,000. ದಿನಕ್ಕೆ 4,32,000. ಒಂದು ವರ್ಷಕ್ಕೆ ಹದಿನೈದು ಕೋಟಿಗೂ ಮಿಕ್ಕಿ. ಮೂವತ್ತು ವರ್ಷ ದುಡಿದ ವಾಚು ಎಷ್ಟು ಬಾರಿ ಬಡಿದಿರಬಹುದು ಎಂಬುದನ್ನು ಮಕ್ಕಳೇ ಗುಣಿಸಿ ನೋಡಲಿ.

ಈ ಸದ್ದು ಎಲ್ಲಿಂದ ಬರುತ್ತದೆ? ಕೀ ತಿರುಗಿಸಿದಾಗ ಒಂದು ಡಬ್ಬಿಯೊಳಗೆ ಸುತ್ತಿಟ್ಟ ಉಕ್ಕಿನ ಪಟ್ಟಿ ಬಿಗಿಯಾಗುತ್ತದೆ. ನಿಮ್ಮ ಬೆರಳಿನ ಕೆಲಸವೇ ಅಲ್ಲಿ ಪ್ರಚ್ಛನ್ನ ಶಕ್ತಿಯಾಗಿ ಕೂರುತ್ತದೆ. ಸ್ಪ್ರಿಂಗು ಬಿಚ್ಚಿಕೊಳ್ಳಲು ಹವಣಿಸುತ್ತಾ ಹಲ್ಲಿನ ಚಕ್ರಗಳ ಸಾಲನ್ನು ತಿರುಗಿಸುತ್ತದೆ. ತಡೆಯುವವರು ಇಲ್ಲದಿದ್ದರೆ ಮುಳ್ಳುಗಳು ಕೆಲವೇ ಕ್ಷಣಗಳಲ್ಲಿ ಗಿರ್ರನೆ ಸುತ್ತಿ ನಿಂತುಬಿಡುತ್ತಿದ್ದವು. ತಡೆಯುವುದು ಕೊನೆಯ ಚಕ್ರದ ಹಲ್ಲಿಗೆ ಅಡ್ಡ ನಿಲ್ಲುವ ಒಂದು ಪುಟ್ಟ ಕವೆ. ಆ ಕವೆಯನ್ನು ಅತ್ತಿತ್ತ ತಳ್ಳುವುದು ಬ್ಯಾಲೆನ್ಸ್ ಚಕ್ರ. ಅದಕ್ಕೆ ಹೇರ್ ಸ್ಪ್ರಿಂಗ್ ಎಂಬ ಸುರುಳಿ ಜೋಡಿಸಿದೆ. ಚಕ್ರ ಒಂದು ಕಡೆಗೆ ತಿರುಗುತ್ತದೆ, ಸುರುಳಿ ಅದನ್ನು ಹಿಂದಕ್ಕೆ ಎಳೆಯುತ್ತದೆ, ಅದು ಮಧ್ಯವನ್ನು ದಾಟಿ ಇನ್ನೊಂದು ಕಡೆಗೆ ಹೋಗುತ್ತದೆ. ಒಂದೊಂದು ಸಲ ಮಧ್ಯವನ್ನು ದಾಟುವಾಗಲೂ ಕವೆ ಒಂದು ಹಲ್ಲನ್ನು ಬಿಟ್ಟು ಇನ್ನೊಂದನ್ನು ಹಿಡಿಯುತ್ತದೆ. ಹಿಡಿಯುವ ಆ ಸದ್ದೇ ಟಿಕ್. ಆಂದೋಲನವೊಂದಕ್ಕೆ ಎರಡು ಟಿಕ್. ಆದ್ದರಿಂದ ಸೆಕೆಂಡಿಗೆ ಐದು ಟಿಕ್ ಎಂದರೆ ಆವೃತ್ತಿ ಎರಡೂವರೆ ಹರ್ಟ್ಸ್.

ಹೈಸ್ಕೂಲಿನಲ್ಲಿ ಲೋಲಕದ ಪಾಠ ಓದಿದವರಿಗೆ ಇದರ ಗುಟ್ಟು ತಿಳಿದಿರಬೇಕು. ಲೋಲಕ ಸ್ವಲ್ಪ ತೂಗಿದರೂ ಹೆಚ್ಚು ತೂಗಿದರೂ ಅದರ ಆವರ್ತ ಕಾಲ ಹೆಚ್ಚುಕಡಿಮೆ ಒಂದೇ. ಆದರೆ ಲೋಲಕಕ್ಕೆ ಗುರುತ್ವ ಬೇಕು, ಅಲುಗದ ಗೋಡೆ ಬೇಕು. ಕೈಯಲ್ಲಿ ಕಟ್ಟಿಕೊಂಡು ಓಡುವುದು ಸಾಧ್ಯವಿಲ್ಲ. ಹಾಲೆಂಡಿನ ಕ್ರಿಶ್ಚಿಯಾನ್ ಹೈಗನ್ಸ್ 1675ರಲ್ಲಿ ಗುರುತ್ವದ ಜಾಗದಲ್ಲಿ ಸುರುಳಿ ಸ್ಪ್ರಿಂಗನ್ನು ತಂದು ಕೂರಿಸಿದ. ಅದು ನನ್ನ ಯೋಚನೆ ಎಂದು ಇಂಗ್ಲೆಂಡಿನ ರಾಬರ್ಟ್ ಹುಕ್ ಜಗಳ ತೆಗೆದ. ಹೌದು, ನಿಮ್ಮ ಪುಸ್ತಕದಲ್ಲಿ ಬರುವ ಸ್ಥಿತಿಸ್ಥಾಪಕತ್ವದ ಹುಕ್ ನಿಯಮದ ಹುಕ್ ಅವನೇ.

ಇಷ್ಟಾದರೂ ಒಂದು ತೊಡಕು ಉಳಿದಿತ್ತು. ಬಿಸಿಯಾದರೆ ಉಕ್ಕಿನ ಸುರುಳಿಯ ಬಿಗಿ ಕಡಿಮೆಯಾಗುತ್ತದೆ, ವಾಚು ನಿಧಾನವಾಗುತ್ತದೆ. ಶಾಖಕ್ಕೆ ಜಗ್ಗದ ನಿಕಲ್-ಉಕ್ಕಿನ ಮಿಶ್ರಲೋಹಗಳನ್ನು ಕಂಡುಹಿಡಿದವನು ಚಾರ್ಲ್ಸ್ ಎಡ್ವರ್ಡ್ ಗಿಯೋಮ್. ಗಡಿಯಾರ ಕಸುಬಿನ ಮನೆಯಲ್ಲಿ ಹುಟ್ಟಿದ ಆತನಿಗೆ 1920ರ ಭೌತವಿಜ್ಞಾನದ ನೊಬೆಲ್ ಬಹುಮಾನ ಸಿಕ್ಕಿತು. ಐನ್‌ಸ್ಟೈನರಿಗೆ ಕೊಡುವುದಕ್ಕಿಂತ ಒಂದು ವರ್ಷದ ಮೊದಲಿನ ಬಹುಮಾನ ಅದು ಎಂದರೆ ಮಕ್ಕಳು ಕಣ್ಣರಳಿಸುತ್ತಾರೆ.

ಹದಿನೇಳು ಜ್ಯುವೆಲ್ಸ್ ಎಂದರೆ?

ಡಯಲಿನ ಮೇಲೆ '17 ಜ್ಯುವೆಲ್ಸ್' ಎಂದು ಅಚ್ಚಾಗಿರುವುದನ್ನು ನೋಡಿ, ವಾಚಿನೊಳಗೆ ಹದಿನೇಳು ರತ್ನಗಳಿವೆ, ರಿಪೇರಿಗೆ ಕೊಟ್ಟರೆ ಕದ್ದುಬಿಡುತ್ತಾರೆ ಎಂದು ಹೆದರುವವರು ಇದ್ದರು, ಈಗಲೂ ಇದ್ದಾರೆ. ಕಲ್ಲುಗಳಿರುವುದು ನಿಜ. ಬೆಲೆಬಾಳುತ್ತವೆ ಎಂಬುದು ಸುಳ್ಳು. ಅವು ಕೃತಕ ಮಾಣಿಕ್ಯಗಳು; ರಾಸಾಯನಿಕವಾಗಿ ಅಲ್ಯೂಮಿನಿಯಂ ಆಕ್ಸೈಡು, ಕೆಂಪು ಬಣ್ಣಕ್ಕೆ ಒಂದಿಷ್ಟು ಕ್ರೋಮಿಯಂ. ಫ್ರಾನ್ಸಿನ ಆಗಸ್ಟ್ ವೆರ್ನೋಯ್ ಅವುಗಳನ್ನು ಕುಲುಮೆಯಲ್ಲಿ ಬೆಳೆಸುವ ವಿಧಾನವನ್ನು 1902ರಲ್ಲಿ ಪ್ರಕಟಿಸಿದ ಮೇಲೆ ಅವು ಅಗ್ಗವಾದವು. ಚಕ್ರಗಳ ಅಚ್ಚಿನ ತುದಿ ತಿರುಗುವ ಕುಳಿಗಳಿಗೆ ಅವನ್ನು ಹಾಕುತ್ತಾರೆ. ಗಡಸುತನದ ಮೋಸ್ ಮಾಪಕದಲ್ಲಿ ವಜ್ರಕ್ಕೆ 10 ಅಂಕವಾದರೆ ಮಾಣಿಕ್ಯಕ್ಕೆ 9. ವರ್ಷಕ್ಕೆ ಕೋಟಿಗಟ್ಟಲೆ ಸಲ ಅಚ್ಚು ಉಜ್ಜಿದರೂ ಸವೆಯುವುದಿಲ್ಲ. ಕದಿಯುವವನಿಗೆ ಟೀ ಕಾಸೂ ಹುಟ್ಟಲಿಕ್ಕಿಲ್ಲ.

ಡಯಲಿನ ಮೇಲಿನ ಇನ್ನೊಂದು ಮಾತು 'ಪ್ಯಾರಾ ಶಾಕ್'. ಇದು ಸಿಟಿಜನ್‌ನಿಂದ ಬಂದ ತಂತ್ರ. ಬ್ಯಾಲೆನ್ಸ್ ಚಕ್ರದ ಅಚ್ಚಿನ ತುದಿ ಅತಿ ನಾಜೂಕು; ವಾಚು ಕೆಳಗೆ ಬಿದ್ದರೆ ಮೊದಲು ಮುರಿಯುವುದು ಅದೇ. ಅದನ್ನು ಹಿಡಿದಿರುವ ಕಲ್ಲಿಗೆ ಸಣ್ಣ ಸ್ಪ್ರಿಂಗಿನ ಆಸರೆ ಕೊಟ್ಟರೆ ಪೆಟ್ಟು ಬಿದ್ದಾಗ ಕಲ್ಲು ಸ್ವಲ್ಪ ಸರಿದು ಮತ್ತೆ ಜಾಗಕ್ಕೆ ಬರುತ್ತದೆ. ಸ್ಕೂಟರಿನ ಶಾಕ್ ಅಬ್ಸಾರ್ಬರ್ ಮಾಡುವ ಕೆಲಸವೇ.

ಬೆಣಚುಕಲ್ಲಿನ ಮಹಿಮೆ

ಹೊಲದ ಬದುವಿನಲ್ಲಿ ಬಿದ್ದಿರುವ ಬಿಳಿಯ ಬೆಣಚುಕಲ್ಲುಗಳೆರಡನ್ನು ಕತ್ತಲೆಯಲ್ಲಿ ಉಜ್ಜಿ ಬೆಳಕು ತರಿಸುವ ಆಟ ಹಳ್ಳಿಯ ಮಕ್ಕಳಿಗೆ ಗೊತ್ತು. ಅದೇ ಕ್ವಾರ್ಟ್ಸ್. ಜಾಕ್ ಮತ್ತು ಪಿಯರ್ ಕ್ಯೂರಿ ಸಹೋದರರು 1880ರಲ್ಲಿ ಅದರಂಥ ಹರಳುಗಳ ವಿಚಿತ್ರ ಗುಣವನ್ನು ಕಂಡರು: ಹಿಸುಕಿದರೆ ವಿದ್ಯುತ್ತು ಹುಟ್ಟುತ್ತದೆ. ವಿದ್ಯುತ್ತು ಹಾಯಿಸಿದರೆ ಹರಳು ನಡುಗುತ್ತದೆ ಎಂಬುದೂ ಬೇಗನೆ ಗೊತ್ತಾಯಿತು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ವಾರೆನ್ ಮ್ಯಾರಿಸನ್ 1927ರಲ್ಲಿ ಈ ನಡುಕದಿಂದ ಗಡಿಯಾರ ಮಾಡಿ ತೋರಿಸಿದ. ಆದರೆ ಅದು ಕೋಣೆಯಲ್ಲಿಡುವ ಯಂತ್ರ. ಅದನ್ನು ಕೈಗೆ ಕಟ್ಟುವಷ್ಟು ಚಿಕ್ಕದು ಮಾಡಲು ನಲವತ್ತು ವರ್ಷಗಳ ಮೇಲೆ ಹಿಡಿಯಿತು. ಜಪಾನಿನ ಸೀಕೋ ಕಂಪನಿ 1969ರ ಡಿಸೆಂಬರ್ 25ರಂದು 'ಆಸ್ಟ್ರಾನ್' ಎಂಬ ಮೊದಲ ಕ್ವಾರ್ಟ್ಸ್ ಕೈಗಡಿಯಾರವನ್ನು ಮಾರಾಟಕ್ಕಿಟ್ಟಿತು. ಬೆಲೆ ನಾಲ್ಕೂವರೆ ಲಕ್ಷ ಯೆನ್. ಆ ಹಣಕ್ಕೆ ಅಲ್ಲಿ ಒಂದು ಚಿಕ್ಕ ಕಾರು ಬರುತ್ತಿತ್ತು!

ಇಂದಿನ ವಾಚುಗಳಲ್ಲಿರುವುದು ಕಾರ್ಖಾನೆಯಲ್ಲಿ ಬೆಳೆಸಿದ ಹರಳು. ಪ್ರಯೋಗಾಲಯದ ಶ್ರುತಿಕವೆಯ ಆಕಾರಕ್ಕೆ ಅದನ್ನು ಕತ್ತರಿಸಿರುತ್ತಾರೆ. ಅದು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಈ ವಿಚಿತ್ರ ಸಂಖ್ಯೆ ಯಾಕೆ? ಕ್ಯಾಲ್ಕ್ಯುಲೇಟರಿನಲ್ಲಿ ಅದನ್ನು ಎರಡರಿಂದ ಭಾಗಿಸುತ್ತಾ ಹೋಗಿ. ಸರಿಯಾಗಿ ಹದಿನೈದನೆಯ ಸಲಕ್ಕೆ 1 ಬರುತ್ತದೆ. ಎರಡರಿಂದ ಭಾಗಿಸುವುದು ಎಲೆಕ್ಟ್ರಾನಿಕ್ ಮಂಡಲಕ್ಕೆ ಅತಿ ಸುಲಭದ ಕೆಲಸ. ಹದಿನೈದು ಮೆಟ್ಟಿಲು ಇಳಿದರೆ ಸೆಕೆಂಡಿಗೆ ಒಂದು ಮಿಡಿತ. ಅದು ಪುಟ್ಟ ಮೋಟಾರಿಗೆ ಹೋಗಿ ಮುಳ್ಳನ್ನು ಒಂದು ಹೆಜ್ಜೆ ಮುಂದೆ ಇಡಿಸುತ್ತದೆ. ಹಾಗಾಗಿಯೇ ಸಾಧಾರಣ ಕ್ವಾರ್ಟ್ಸ್ ವಾಚಿನ ಸೆಕೆಂಡು ಮುಳ್ಳು ಕುಪ್ಪಳಿಸುತ್ತದೆ, ಯಾಂತ್ರಿಕ ವಾಚಿನದು ಜಾರಿದಂತೆ ಸಾಗುತ್ತದೆ. ಒಂದು ಮೆಟ್ಟಿಲು ಕೆಳಗಿನ 16,384 ನಮ್ಮ ಕಿವಿಗೆ ನಿಲುಕುವ ವ್ಯಾಪ್ತಿಯೊಳಗೆ ಬರುತ್ತದೆ, 32,768 ಬರುವುದಿಲ್ಲ ಎಂಬುದನ್ನೂ ಗಮನಿಸಿ.

ಸೆಕೆಂಡಿಗೆ ಎರಡೂವರೆ ಸಲ ತೂಗುವ ಚಕ್ರವೆಲ್ಲಿ, ಮೂವತ್ತೆರಡು ಸಾವಿರ ಸಲ ನಡುಗುವ ಹರಳೆಲ್ಲಿ! ಸ್ವಿಟ್ಜರ್ಲೆಂಡಿನ ವಾಚ್ ಉದ್ಯಮದಲ್ಲಿ 1970ರ ಸುಮಾರಿಗೆ 90 ಸಾವಿರ ಜನ ಕೆಲಸಕ್ಕಿದ್ದರು. ಹದಿನೈದು ವರ್ಷದೊಳಗೆ ಅದು ಮೂವತ್ತು ಸಾವಿರದ ಆಸುಪಾಸಿಗೆ ಇಳಿಯಿತು. 1983ರಲ್ಲಿ ಕೇವಲ 51 ಬಿಡಿಭಾಗಗಳ ಪ್ಲಾಸ್ಟಿಕ್ ಕ್ವಾರ್ಟ್ಸ್ ವಾಚು 'ಸ್ವಾಚ್' ಬಂದ ಮೇಲೆ ಅವರು ಚೇತರಿಸಿಕೊಂಡರು.

ಹೊಸೂರಿನ ಗಾಳಿ

ನಮ್ಮಲ್ಲಿ ಆ ಗಾಳಿ ಬೀಸಿದ್ದು ಬೆಂಗಳೂರಿನ ಮಗ್ಗುಲಿನಿಂದಲೇ. ಟಾಟಾ ಸಮೂಹ ಮತ್ತು ತಮಿಳುನಾಡು ಕೈಗಾರಿಕಾ ಅಭಿವೃದ್ಧಿ ನಿಗಮ ಸೇರಿ 1984ರಲ್ಲಿ ಟೈಟಾನ್ ಕಂಪನಿಯನ್ನು ಸ್ಥಾಪಿಸಿದವು. ಕಾರ್ಖಾನೆ ಗಡಿಯಾಚೆಯ ಹೊಸೂರಿನಲ್ಲಿ. ಮುಖ್ಯಸ್ಥ ಜೆರ್ಕ್ಸಿಸ್ ದೇಸಾಯಿ ಕ್ವಾರ್ಟ್ಸ್ ಮೇಲೆ ಪಣ ಕಟ್ಟಿದರು. ಗಾಜಿನ ಬಾಗಿಲಿನ, ತಂಪಾದ, ಬೆಳಕು ತುಂಬಿದ ಅಂಗಡಿಗಳು. ದೂರದರ್ಶನದಲ್ಲಿ ಮೊಜಾರ್ಟನ 25ನೆಯ ಸಿಂಫನಿಯ ರಾಗ. ಹೆಸರು ಗೊತ್ತಿಲ್ಲದಿದ್ದರೂ ಆ ರಾಗವನ್ನು ಗುನುಗದ ಮನೆ ಇರಲಿಲ್ಲ. ಮುಂದೆ 2002ರಲ್ಲಿ ಅದೇ ಕಂಪನಿ ಕೇವಲ 1.15 ಮಿಲಿಮೀಟರ್ ದಪ್ಪದ ಯಂತ್ರವಿರುವ 'ಎಡ್ಜ್' ವಾಚನ್ನು ಮಾಡಿ ಸ್ವಿಸ್ಸರನ್ನೂ ಹುಬ್ಬೇರಿಸುವಂತೆ ಮಾಡಿತು.

ಎಚ್.ಎಂ.ಟಿ. ಕ್ವಾರ್ಟ್ಸ್ ಮಾಡಲಿಲ್ಲ ಎಂದು ಹೇಳುವವರಿದ್ದಾರೆ. ಅದು ಸರಿಯಲ್ಲ. ಮಾಡಿತು, ಆದರೆ ಮನಸ್ಸು ಕೀ ಕೊಡುವ ವಾಚಿನಲ್ಲೇ ಇತ್ತು. ಸರದಿಯಲ್ಲಿ ನಿಂತು ಕೊಳ್ಳುವ ಗಿರಾಕಿಗಳನ್ನು ನೋಡಿ ಬೆಳೆದ ಸಂಸ್ಥೆಗೆ, ಗಿರಾಕಿಯನ್ನು ಕರೆದು ಕೂರಿಸಿ ಮಾರುವ ಕಲೆ ಒಗ್ಗಲಿಲ್ಲ ಎನ್ನುವುದು ನನ್ನ ಅಭಿಪ್ರಾಯ. ನಷ್ಟ ಬೆಳೆಯುತ್ತಾ ಹೋಯಿತು. 2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟ ಎಚ್.ಎಂ.ಟಿ. ವಾಚಸ್ ಕಂಪನಿಯನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು. ತುಮಕೂರಿನಲ್ಲಿ ಆ ಸುದ್ದಿ ಎಷ್ಟು ಮನೆಗಳ ಅಡುಗೆಮನೆಯನ್ನು ಮುಟ್ಟಿತು ಎಂಬುದನ್ನು ಆ ಊರಿನವರೇ ಹೇಳಬೇಕು. ಅಲ್ಲಿನ ಕಾರ್ಖಾನೆಯ ಜಮೀನು ಇಸ್ರೋ ಸಂಸ್ಥೆಗೆ ಸೇರಿತು. ಇಸ್ರೋಗೂ ಗಡಿಯಾರಕ್ಕೂ ನಂಟಿಲ್ಲದಿಲ್ಲ: 2023ರ ಮೇ 29ರಂದು ಹಾರಿದ ಎನ್‌ವಿಎಸ್-01 ಎಂಬ ಪಥದರ್ಶಕ ಉಪಗ್ರಹದಲ್ಲಿ ನಮ್ಮವರೇ ಮಾಡಿದ ರುಬಿಡಿಯಂ ಪರಮಾಣು ಗಡಿಯಾರ ಇದೆ.

ಮುಚ್ಚಿದ ಮೇಲೆ ಬೆಲೆ ತಿಳಿಯಿತು ಎನ್ನುವಂತೆ, ಬೀಗ ಬೀಳುವ ಸುದ್ದಿ ಹರಡುತ್ತಲೇ ಅಂಗಡಿಗಳಲ್ಲಿ ಉಳಿದ ವಾಚುಗಳಿಗೆ ನೂಕುನುಗ್ಗಲಾಯಿತು. ಜಾಲಹಳ್ಳಿಯಲ್ಲಿ ಈಗ ಎಚ್.ಎಂ.ಟಿ. ಹೆರಿಟೇಜ್ ಸೆಂಟರ್ ಎಂಬ ವಸ್ತುಸಂಗ್ರಹಾಲಯ ಇದೆ. ವಾಚುಗಳು, ಯಂತ್ರಗಳು, ಟ್ರ್ಯಾಕ್ಟರು ಎಲ್ಲವೂ ಅಲ್ಲಿವೆ. ಶಾಲಾ ಪ್ರವಾಸಕ್ಕೆ ಬೆಂಗಳೂರಿಗೆ ಬರುವ ಮೇಷ್ಟ್ರುಗಳು ಮಾಲುಗಳನ್ನು ಬಿಟ್ಟು ಒಂದು ಗಂಟೆ ಇತ್ತ ಬಂದರೆ ಮಕ್ಕಳಿಗೆ ಲಾಭ.

ದಿನಬಳಕೆಯ ದೊರೆಗಳು

ವಾಚು ಪ್ರಿಯರೆಲ್ಲ ಹಳೆಯದಕ್ಕೇ ಜೋತುಬಿದ್ದವರಲ್ಲ. ಪ್ರಪಂಚದಾದ್ಯಂತ ಬಡವ ಬಲ್ಲಿದರೆನ್ನದೆ ಎಲ್ಲರೂ ಮೆಚ್ಚಿದ ವಾಚೆಂದರೆ ಕ್ಯಾಸಿಯೋ ಕಂಪನಿಯ ಎಫ್-91ಡಬ್ಲ್ಯೂ. 1989ರಲ್ಲಿ ಬಂದದ್ದು ಇಂದಿಗೂ ಹಾಗೆಯೇ ತಯಾರಾಗುತ್ತಿದೆ. ತೂಕ 21 ಗ್ರಾಂ, ಒಂದು ಸೆಲ್ಲಿಗೆ ಸುಮಾರು ಏಳು ವರ್ಷ. ಅದೇ ಕಂಪನಿಯ ಜಿ-ಶಾಕ್ ಹುಟ್ಟಿದ ಕತೆ ವಿದ್ಯಾರ್ಥಿಗಳು ಕೇಳಬೇಕಾದದ್ದು. ಕಿಕುವೋ ಇಬೆ ಎಂಬ ಎಂಜಿನಿಯರನಿಗೆ ತಂದೆ ಕೊಟ್ಟ ವಾಚು ಬಿದ್ದು ಒಡೆಯಿತು. ಬಿದ್ದರೂ ಒಡೆಯದ ವಾಚು ಮಾಡುತ್ತೇನೆಂದು ಹೊರಟ ಆತ ಇನ್ನೂರಕ್ಕೂ ಹೆಚ್ಚು ಮಾದರಿಗಳನ್ನು ಕಟ್ಟಡದ ಶೌಚಾಲಯದ ಕಿಟಕಿಯಿಂದ ಕೆಳಗೆ ಎಸೆದು ನೋಡಿದ. ಎಲ್ಲವೂ ಒಡೆದವು. ಕೊನೆಗೆ ಪಾರ್ಕಿನಲ್ಲಿ ಹುಡುಗಿಯೊಬ್ಬಳು ರಬ್ಬರ್ ಚೆಂಡು ಪುಟಿಸುವುದನ್ನು ಕಂಡಾಗ ಹೊಳೆಯಿತು: ಯಂತ್ರ ಚೆಂಡಿನ ನಡುವೆ ತೇಲುವಂತಿದ್ದರೆ ಪೆಟ್ಟು ಅದನ್ನು ಮುಟ್ಟುವುದಿಲ್ಲ. 1983ರಲ್ಲಿ ವಾಚು ಮಾರುಕಟ್ಟೆಗೆ ಬಂತು.

ಕರಾವಳಿಯ ಜಿಲ್ಲೆಗಳಲ್ಲಿ ಕೇಳಿದರೆ ಉತ್ತರ ಬೇರೆ. ಅಲ್ಲಿ ಗಲ್ಫಿನಿಂದ ಬಂದ ಅಣ್ಣಂದಿರು, ಭಾವಂದಿರು ತಂದ ಸೀಕೋ ಫೈವ್‌ಗೇ ಮೊದಲ ಮಣೆ. ಕೈ ಆಡಿದಾಗ ಒಳಗಿನ ಅರ್ಧಚಂದ್ರಾಕಾರದ ತೂಕ ಸುತ್ತಿ ಸ್ಪ್ರಿಂಗನ್ನು ತಾನೇ ಬಿಗಿ ಮಾಡಿಕೊಳ್ಳುವ ವಾಚು ಅದು. ಬರೆಯುವ, ದುಡಿಯುವ ಕೈಗೆ ಅದು ಹೇಳಿಮಾಡಿಸಿದ್ದು.

ಕೊಳ್ಳುವ ಮುನ್ನ

ಮಕ್ಕಳಿಗೆ ಯಾವ ವಾಚು ಕೊಡಿಸಬೇಕೆಂದು ಪಾಲಕರು ಕೇಳುತ್ತಿರುತ್ತಾರೆ. ಶಾಲೆಗೆ ಹೋಗುವ ಮಗುವಿಗೆ ಹನ್ನೆರಡೂ ಅಂಕಿಗಳು ಸ್ಪಷ್ಟವಾಗಿರುವ, ಮುಳ್ಳುಗಳ ಸಾದಾ ಕ್ವಾರ್ಟ್ಸ್ ವಾಚು ಸಾಕು. ಗಂಟೆಯನ್ನು ಅಂಕಿಯಲ್ಲಿ ಮಾತ್ರ ಓದಿ ಬೆಳೆದ ಮಕ್ಕಳು 'ಹತ್ತಕ್ಕೆ ಇಪ್ಪತ್ತು ನಿಮಿಷ ಇದೆ' ಎಂದರೆ ತಡವರಿಸುವುದನ್ನು ತರಗತಿಯಲ್ಲಿ ದಿನವೂ ನೋಡುತ್ತೇನೆ. ವೃತ್ತ, ಕೋನ, ಭಿನ್ನರಾಶಿ ಮೂರನ್ನೂ ಒಟ್ಟಿಗೆ ಕಲಿಸುವ ಇಂಥ ಅಗ್ಗದ ಪಾಠೋಪಕರಣ ಬೇರೊಂದಿಲ್ಲ. ಪರೀಕ್ಷೆಯ ವಿಷಯದಲ್ಲಿ ಎಚ್ಚರಿಕೆ ಇರಲಿ: ಸ್ಮಾರ್ಟ್ ವಾಚಿಗೆ ಪರೀಕ್ಷಾ ಕೊಠಡಿಯಲ್ಲಿ ಜಾಗವಿಲ್ಲ, ನೀಟ್ ಪರೀಕ್ಷೆಗಂತೂ ಯಾವ ಬಗೆಯ ವಾಚನ್ನೂ ಕಟ್ಟಿಕೊಂಡು ಹೋಗುವಂತಿಲ್ಲ. ಹಾಲ್ ಟಿಕೆಟ್ಟಿನ ಸೂಚನೆಗಳನ್ನು ಹಿಂದಿನ ದಿನವೇ ಓದಿಕೊಳ್ಳಿ.

ಹಿಂಬದಿಯಲ್ಲಿ '30 ಮೀಟರ್ ವಾಟರ್ ರೆಸಿಸ್ಟೆಂಟ್' ಎಂದಿದ್ದರೆ ಮೂವತ್ತು ಮೀಟರ್ ಆಳಕ್ಕೆ ಮುಳುಗಬಹುದೆಂದು ಅರ್ಥವಲ್ಲ. ಅದು ನಿಂತ ನೀರಿನ ಒತ್ತಡದ ಪರೀಕ್ಷೆಯ ಅಂಕಿ. ಕೈ ತೊಳೆಯಬಹುದು, ಮಳೆಯಲ್ಲಿ ಓಡಬಹುದು, ಅಷ್ಟೇ. ಈಜಲು ಕನಿಷ್ಠ 100 ಮೀಟರ್ ಎಂದಿರುವುದೇ ಲೇಸು.

ಹಳೆಯ ಎಚ್.ಎಂ.ಟಿ. ಬೇಕೆನ್ನುವ ಯುವಕರಿಗೆ ನನ್ನ ಸಲಹೆ ಒಂದೇ. ಮೊದಲು ಮನೆಯ ಬೀರು ಹುಡುಕಿ. ಪೇಟೆಯಲ್ಲಿ ಮತ್ತು ಇಂಟರ್‌ನೆಟ್ಟಿನಲ್ಲಿ ಮಾರಾಟಕ್ಕಿರುವ 'ಹಳೆಯ' ವಾಚುಗಳಲ್ಲಿ ಬಹಳಷ್ಟರ ಡಯಲಿಗೆ ಹೊಸದಾಗಿ ಬಣ್ಣ ಹೊಡೆದಿರುತ್ತಾರೆ. ಕಾರ್ಖಾನೆ ಎಂದೂ ಮಾಡದ ಕಿತ್ತಳೆ, ಗಿಳಿಹಸಿರು ಬಣ್ಣಗಳು, ಸೊಟ್ಟಗಿನ ಅಕ್ಷರಗಳು, ಒಂದು ಮಾದರಿಯ ಕವಚಕ್ಕೆ ಇನ್ನೊಂದರ ಯಂತ್ರ. ಓಡುವುದೇನೋ ಓಡುತ್ತದೆ; ಆದರೆ ಹಳೆಯದೆಂದು ಹೆಚ್ಚಿನ ಬೆಲೆ ಕೊಟ್ಟರೆ ಮೋಸ. ಬೀರುವಿನಲ್ಲಿ ಸಿಕ್ಕ ವಾಚು ನಿಂತುಹೋಗಿದ್ದರೆ 'ಕೀ ಜಾಸ್ತಿಯಾಗಿ ಕೆಟ್ಟಿದೆ' ಎಂಬ ಮಾತನ್ನು ನಂಬಬೇಡಿ. ಹೆಚ್ಚಿನ ಸಂದರ್ಭಗಳಲ್ಲಿ ಒಳಗಿನ ಎಣ್ಣೆ ಒಣಗಿ ಅಂಟಾಗಿರುತ್ತದೆ. ಬಿಚ್ಚಿ ತೊಳೆದು ಎಣ್ಣೆ ಹಾಕಿದರೆ ಮತ್ತೆ ನಡೆಯುತ್ತದೆ. ಆದರೆ ಅದನ್ನು ಬಿಚ್ಚಬಲ್ಲ ಕೈಗಳೇ ಕಡಿಮೆಯಾಗುತ್ತಿವೆ. ಬಸ್ ಸ್ಟ್ಯಾಂಡಿನ ಪಕ್ಕದ ಗಾಜಿನ ಪೆಟ್ಟಿಗೆಯ ಹಿಂದೆ ಕುಳಿತು ಸೆಲ್ಲು, ಬೆಲ್ಟು ಬದಲಿಸುವವರೆಲ್ಲ ಬ್ಯಾಲೆನ್ಸ್ ಚಕ್ರಕ್ಕೆ ಕೈ ಹಾಕಬಲ್ಲವರಲ್ಲ. ನಿಮ್ಮೂರಿನಲ್ಲಿ ಬಲ್ಲ ಹಿರಿಯರೊಬ್ಬರು ಉಳಿದಿದ್ದರೆ ವಾಚನ್ನು ಈ ವರ್ಷವೇ ಅವರಿಗೆ ಕೊಡಿ. ಅವರು ಕೇಳಿದ ಮಜೂರಿಗೆ ಚೌಕಾಸಿ ಮಾಡಬೇಡಿ.

ತೀರಾ ಹಳೆಯ, 1950ರ ಆಸುಪಾಸಿನ ಸ್ವಿಸ್ ವಾಚು ಸಿಕ್ಕಿ, ಅದರ ಅಂಕಿಗಳ ಮೇಲೆ ಕಂದು ಬಣ್ಣದ ಹಳೆಯ ಲೇಪ ಕಂಡರೆ ಮುಚ್ಚಳ ತೆಗೆಯಬೇಡಿ, ಕೆರೆಯಲೂಬೇಡಿ. ಅದು ನಿಜವಾದ ರೇಡಿಯಂ ಇರಬಹುದು. ಈಗ ಹೊಳೆಯದೆ ಇರುವುದು ಅದರ ಜೊತೆಗಿನ ಸತುವಿನ ಸಲ್ಫೈಡು ಹಾಳಾದ್ದರಿಂದ. ರೇಡಿಯಂನ ಅರ್ಧಾಯು 1,600 ವರ್ಷ. ಅಮೆರಿಕದಲ್ಲಿ ಆ ಬಣ್ಣ ಬಳಿಯುತ್ತಾ ಕುಂಚವನ್ನು ತುಟಿಯಲ್ಲಿ ಚೂಪು ಮಾಡುತ್ತಿದ್ದ ಹೆಣ್ಣುಮಕ್ಕಳು 1920ರ ದಶಕದಲ್ಲಿ ದವಡೆ ಕೊಳೆತು ಸತ್ತರು. ನಮ್ಮ ಆಟೋಗಳ ಹಿಂದೆ ಅಂಟಿಸುವ 'ರೇಡಿಯಂ ಸ್ಟಿಕ್ಕರ್'ಗೂ ಇದಕ್ಕೂ ಹೆಸರಿನ ನಂಟು ಬಿಟ್ಟರೆ ಬೇರೇನೂ ಇಲ್ಲ. ಈಚಿನ ವಾಚುಗಳ ಹೊಳಪಿಗೂ ವಿಕಿರಣದ ಭಯವಿಲ್ಲ. ಬೆಳಕನ್ನು ಹೀರಿ ಮೆಲ್ಲಗೆ ಬಿಡುವ ವಸ್ತು ಅದು.

ಒಂದು ವಾರದ ಪ್ರಯೋಗ

ಮನೆಯಲ್ಲಿ ಕೀ ಕೊಡುವ ವಾಚು ಇರುವ ವಿದ್ಯಾರ್ಥಿಗಳು ಇದನ್ನು ಮಾಡಿ ನೋಡಬಹುದು. ಮೊದಲು ಕಾಂತದ ಪರೀಕ್ಷೆ. ವಾಚನ್ನು ದಿಕ್ಸೂಚಿಯ ಪಕ್ಕ ಮೆಲ್ಲಗೆ ಸರಿಸಿ. ಸೂಜಿ ನಡುಗಿದರೆ ವಾಚಿಗೆ ಕಾಂತತೆ ಅಂಟಿದೆ ಎಂದು ಅನುಮಾನಿಸಬಹುದು. ಸ್ಪೀಕರ್, ಮೊಬೈಲ್ ಕವರಿನ ಅಯಸ್ಕಾಂತ ಇವುಗಳ ಬಳಿ ಇಟ್ಟರೆ ಹೀಗಾಗುತ್ತದೆ. ಹೇರ್ ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ಅಂಟಿ ವಾಚು ಗಂಟೆಗೆ ನಿಮಿಷಗಟ್ಟಲೆ ಮುಂದೋಡಲೂಬಹುದು. ರಿಪೇರಿಯವರ ಬಳಿ ಕಾಂತತೆ ತೆಗೆಯುವ ಸಣ್ಣ ಉಪಕರಣ ಇರುತ್ತದೆ, ಕ್ಷಣದ ಕೆಲಸ.

ಆಮೇಲೆ ಬೆಳಿಗ್ಗೆ ಒಂದು ನಿಗದಿತ ಹೊತ್ತಿಗೆ ಪೂರ್ತಿ ಕೀ ಕೊಟ್ಟು, ಮೊಬೈಲಿನ ಗಂಟೆಗೆ ಸರಿಹೊಂದಿಸಿ. ಪ್ರತಿದಿನ ಅದೇ ಹೊತ್ತಿಗೆ ಎಷ್ಟು ಸೆಕೆಂಡು ಹೆಚ್ಚುಕಡಿಮೆ ಎಂದು ಬರೆದಿಡಿ. ಮುಳ್ಳನ್ನು ಮತ್ತೆ ಸರಿಪಡಿಸಬೇಡಿ, ಕೀ ಮಾತ್ರ ಕೊಡಿ. ಏಳು ದಿನದ ಮೇಲೆ ಗ್ರಾಫ್ ಹಾಳೆಯಲ್ಲಿ ದಿನಗಳನ್ನು ಅಡ್ಡಕ್ಕೂ ಸೆಕೆಂಡುಗಳನ್ನು ಉದ್ದಕ್ಕೂ ಗುರುತಿಸಿ. ಚುಕ್ಕಿಗಳು ಒಂದು ಸರಳರೇಖೆಯ ಮೇಲೆ ಬಿದ್ದರೆ ವಾಚು ಒಳ್ಳೆಯದು, ಅದು ದಿನಕ್ಕೆ ಇಪ್ಪತ್ತು ಸೆಕೆಂಡು ತಪ್ಪಿದರೂ ಸರಿಯೆ. ಇಪ್ಪತ್ತು ಸೆಕೆಂಡು ಎಂದರೆ ದಿನದ 86,400 ಸೆಕೆಂಡುಗಳಲ್ಲಿ ಶೇಕಡಾ 0.023 ಮಾತ್ರ. ನಮ್ಮ ಲ್ಯಾಬಿನ ಎಷ್ಟು ಉಪಕರಣಗಳು ಅಷ್ಟು ನಿಖರವಾಗಿವೆ? ರೇಖೆಯ ಇಳಿಜಾರು ಎಷ್ಟೆಂದು ತಿಳಿದರೆ ಸರಿಯಾದ ಗಂಟೆಯನ್ನು ಲೆಕ್ಕ ಹಾಕಿ ಹೇಳಬಹುದು. ಜಾನ್ ಹ್ಯಾರಿಸನ್ ಎಂಬ ಇಂಗ್ಲಿಷ್ ಬಡಗಿಯ ಗಡಿಯಾರ 1761ರಲ್ಲಿ ಜಮೈಕಾಗೆ ಹೊರಟಾಗ ಹಡಗಿನ ರೇಖಾಂಶವನ್ನು ಹೇಳಿದ್ದು ಇದೇ ಲೆಕ್ಕದಿಂದ. ಚುಕ್ಕಿಗಳು ಚೆಲ್ಲಾಪಿಲ್ಲಿಯಾಗಿದ್ದರೆ ಸರ್ವಿಸ್ ಮಾಡಿಸುವ ಕಾಲ ಬಂದಿದೆ.

ಎರಡನೆಯ ವಾರ ಇನ್ನೊಂದು ಹೆಜ್ಜೆ. ರಾತ್ರಿ ಕಳಚಿಡುವಾಗ ಒಂದು ದಿನ ಡಯಲ್ ಮೇಲೆ ಮಾಡಿ ಮಲಗಿಸಿಡಿ, ಮರುದಿನ ಕೀ ಮೇಲೆ ಬರುವಂತೆ ಅಡ್ಡಲಾಗಿ ನಿಲ್ಲಿಸಿಡಿ, ಮೂರನೆಯ ದಿನ ಕೀ ಕೆಳಗೆ. ಬ್ಯಾಲೆನ್ಸ್ ಚಕ್ರದ ತೂಕ ಸುತ್ತಲೂ ಒಂದೇ ಸಮ ಇರುವುದು ಅಪರೂಪ. ನಿಲ್ಲಿಸಿಟ್ಟಾಗ ಗುರುತ್ವ ಅದನ್ನು ಒಂದು ಬದಿಗೆ ಎಳೆಯುತ್ತದೆ, ಮಲಗಿಸಿಟ್ಟಾಗ ಎಳೆಯುವುದಿಲ್ಲ. ಆದ್ದರಿಂದ ಮೂರು ರಾತ್ರಿಗೆ ಮೂರು ಬಗೆಯ ಅಂಕಿ ಸಿಗುತ್ತದೆ. ಹಗಲು ಕೈಯಲ್ಲಿ ಎಂಟು ಸೆಕೆಂಡು ಮುಂದೋಡುವ ವಾಚು ಯಾವ ಭಂಗಿಯಲ್ಲಿ ರಾತ್ರಿ ಎಂಟು ಸೆಕೆಂಡು ಹಿಂದೆ ಬೀಳುತ್ತದೆ ಎಂಬುದನ್ನು ಪತ್ತೆ ಮಾಡಿಕೊಂಡರೆ ಮುಗಿಯಿತು. ಪ್ರತಿರಾತ್ರಿ ಅದನ್ನು ಹಾಗೆಯೇ ಇಟ್ಟು ಮಲಗಬಹುದು.